ನಾಯಿ ನಡೆಯಿತು, ಮಾಸ್ಟರು ನಡೆಯಲಿಲ್ಲ

ಟೈಲರ್ ಮಾಸ್ಟರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ಮಾತ್ರೆ ತಪ್ಪಿಸಬೇಡಿ, ಬಾಯಿ ಕಟ್ಟಿ, ದಿನಾ ಚುರುಕಾಗಿ ನಡೆಯಿರಿ. ಮಾತ್ರೆಯ ಜವಾಬ್ದಾರಿಯನ್ನು ಮಾಸ್ಟರು ಹೆಂಡತಿಗೆ ವಹಿಸಿದರು. ಬಾಯಿ ಕಟ್ಟುವುದನ್ನು ನಾಳೆಗೆ ಇಟ್ಟುಕೊಂಡರು. ನಡೆಯುವ ಕೆಲಸವನ್ನು ನಾಯಿಗೆ ಒಪ್ಪಿಸಿದರು.

ಹೆಂಡತಿಯ ತಲೆಬಿಸಿ ಶುರುವಾದದ್ದು ಅಲ್ಲಿಂದಲೇ. ಆಕೆಯನ್ನು ಬೀದಿಯವರೆಲ್ಲ ಗುಂಡಿಯಕ್ಕ ಎನ್ನುತ್ತಿದ್ದರು. ಗಂಡ ಹೊಲಿದ ಅಂಗಿಗೆಲ್ಲ ಗುಂಡಿ ಹಾಕುವುದು, ಕಾಜ ಕಟ್ಟುವುದು, ಪ್ಯಾಂಟಿನ ಕೆಳಗಂಚು ಮಡಿಸುವುದು ಆಕೆಯ ಕೆಲಸ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡ ಹೆಂಡತಿ ದಿನವಿಡೀ ಒಬ್ಬರ ಕಣ್ಣೆದುರು ಒಬ್ಬರು. ಗುಂಡಿಯಕ್ಕನ ಕಣ್ಣಿಗೆ ಬೀಳದ ಹಾಗೆ ಮಾಸ್ಟರು ಮಾಡುತ್ತಿದ್ದದ್ದು ಒಂದೇ ಕೆಲಸ, ಅದು ಬೆಳಗಿನ ನಡಿಗೆ.

ನಾಯಿಯ ಹೆಸರು ದೊರೆ. ಮರಿಯಾಗಿದ್ದಾಗ ಮಳೆಯಲ್ಲಿ ನೆನೆದು ಅಂಗಡಿಗೆ ನುಗ್ಗಿ, ಕತ್ತರಿಸಿ ಬಿಸಾಡಿದ ಬಟ್ಟೆಯ ಚೂರುಗಳ ರಾಶಿಯ ಮೇಲೆ ಮಲಗಿಬಿಟ್ಟಿತ್ತು. ಎಬ್ಬಿಸಲು ಹೋದ ಮಾಸ್ಟರನ್ನೇ ಗುರಾಯಿಸಿತ್ತು. ಆ ಗತ್ತು ನೋಡಿ ಇಟ್ಟ ಹೆಸರು. ಈಗ ಬೆಳಗಾದರೆ ಸಾಕು, ದೊರೆ ಬಾಗಿಲ ಹತ್ತಿರ ಕೂತು ಕುಂಯ್‌ಗುಡುತ್ತದೆ, ಮಾಸ್ಟರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ, ಒಂದು ಗಂಟೆ ಬಿಟ್ಟು ಬಂದು ಕುರ್ಚಿಯಲ್ಲಿ ಕಾಲು ಚಾಚಿ ಉಸ್ಸಪ್ಪಾ ಎನ್ನುತ್ತಾರೆ.

"ನಡೆದು ನಡೆದು ಸಾಕಾಯ್ತು ಕಣೇ. ಒಂದು ಲೋಟ ಟೀ ಕೊಡು."

"ಸಕ್ಕರೆ ಹಾಕಲ್ಲ."

"ಇಷ್ಟು ನಡೆದವನಿಗೆ ಅರ್ಧ ಚಮಚ ಹಾಕಿದ್ರೆ ಏನಾಗುತ್ತೆ? ಎಲ್ಲಾ ಕರಗಿಹೋಗಿರುತ್ತೆ."

ಒಳಗಿನಿಂದ ಅತ್ತೆ ಮಗನ ಪರ ವಹಿಸಿಕೊಳ್ಳುತ್ತಿದ್ದರು. "ಹಾಕಮ್ಮ, ಪಾಪ. ಮುಖ ನೋಡು ಹೇಗೆ ಬಾಡಿದೆ. ನಮ್ಮ ಕಾಲದಲ್ಲಿ ಯಾರು ನಡೀತಿದ್ರು ಹೀಗೆ, ನಾಯಿ ಹಿಡ್ಕೊಂಡು, ಬೆಳಗ್ಗೆ ಬೆಳಗ್ಗೆ."

ಮುಖವೇನೂ ಬಾಡಿರಲಿಲ್ಲ. ಹಣೆಯ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಗುಂಡಿಯಕ್ಕ ಅದನ್ನು ದಿನವೂ ನೋಡುತ್ತಿದ್ದಳು, ದಿನವೂ ಹೇಳುತ್ತಿದ್ದಳು, ಗೋಡೆಗೆ ಹೇಳಿದ ಹಾಗೆ ಆಗುತ್ತಿತ್ತು. ನಡೆಯುವುದಕ್ಕೆಂದು ತಾನೇ ಹೋಗಿ ಒಂದು ಜೊತೆ ಬೂಟು ತಂದಿದ್ದಳು. ಅದು ಡಬ್ಬದ ಸಮೇತ ಬೀರುವಿನ ಮೇಲೆ ಕೂತಿತ್ತು. ಕೇಳಿದರೆ, ಬೂಟು ಹಾಕಿದರೆ ನಾಯಿ ಹೆದರುತ್ತದೆ ಎಂದರು. ನಾಯಿಗಿಂತ ಮೊದಲು ಹೆದರಿದವರು ಯಾರೆಂದು ಆಕೆಗೆ ಗೊತ್ತಿತ್ತು.

"ನಾಯಿ ಹಿಡ್ಕೊಂಡು ತಿರುಗೋದು ವ್ಯಾಯಾಮ ಅಲ್ಲ ರೀ. ಮೈದಾನಕ್ಕೆ ಹೋಗಿ. ನಾಲ್ಕು ಜನರ ಜೊತೆ ಕೈಕಾಲು ಆಡಿಸಿ."

"ಡಾಕ್ಟ್ರು ನಡೀರಿ ಅಂದ್ರು. ನಾಯಿ ಜೊತೆ ನಡೀಬೇಡಿ ಅಂದ್ರಾ? ಹೇಳು, ಅಂದ್ರಾ?"

ಗುಂಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಾ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಇಳಿಯುವುದಿರಲಿ, ಇನ್ನಷ್ಟು ಏರಿತ್ತು. ಡಾಕ್ಟರು ಮುಖ ಗಂಟು ಹಾಕಿಕೊಂಡು, ಹೀಗೇ ಬಿಟ್ಟರೆ ಕಣ್ಣು, ಮೂತ್ರಪಿಂಡ, ಕಾಲು, ಯಾವುದಕ್ಕೆ ಬೇಕಾದರೂ ಕುತ್ತು ಬರಬಹುದು ಎಂದರು. ಮಾಸ್ಟರು ಬೇರೆಯವರ ಸಮಾಚಾರ ಕೇಳಿದಂತೆ ತಲೆಯಾಡಿಸಿದರು. ಮನೆಗೆ ಬಂದವರೇ ತೀರ್ಪು ಕೊಟ್ಟುಬಿಟ್ಟರು.

"ನೋಡಿದ್ಯಾ? ದಿನಾ ಒಂದು ಗಂಟೆ ನಡೆದ್ರೂ ಇಳಿದಿಲ್ಲ ಅಂದ್ರೆ ಏನರ್ಥ? ನಡಿಗೆಯಿಂದ ಏನೂ ಆಗಲ್ಲ ಅಂತ. ಮಾತ್ರೆಯಿಂದಲೂ ಆಗಲ್ಲ. ಸುಮ್ನೆ ನಿಲ್ಲಿಸಿಬಿಡೋಣ."

"ಅದೇ ಸರಿ ಮಗಾ," ಎಂದರು ಅತ್ತೆ. "ಹೊಟ್ಟೆಗೆ ಸುಮ್ನೆ ಮಾತ್ರೆ ತುಂಬಿ ಏನು ಬಂತು."

ಗುಂಡಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ನಡಿಗೆ ಹೋದರೆ ಹೋಗಲಿ, ಮಾತ್ರೆಗೂ ಕೊಡಲಿ ಹಾಕಲು ಹೊರಟಿದ್ದಾರಲ್ಲ. ಮಾರನೆಯ ದಿನ ಮಾಸ್ಟರು ಚಪ್ಪಲಿ ಮೆಟ್ಟುವಾಗ ಆಕೆಯೂ ಹೊರಟು ನಿಂತಳು.

"ನೀನೆಲ್ಲಿಗೆ?"

"ನಿಮ್ಮ ನಡಿಗೆ ನೋಡಕ್ಕೆ."

"ಬಾ. ನಿನ್ನ ಕೈಲಾಗುತ್ತಾ ನೋಡು," ಎಂದು ಮಾಸ್ಟರು ಎದೆಯುಬ್ಬಿಸಿ ಬಾಗಿಲು ದಾಟಿದರು.

ದೊರೆಯ ಕೊರಳಿಗೆ ಕಟ್ಟಿದ್ದ ಪಟ್ಟಿಯನ್ನು ಗುಂಡಿಯಕ್ಕ ಅಂದೇ ಸರಿಯಾಗಿ ನೋಡಿದ್ದು. ಸ್ಕೂಲ್ ಬ್ಯಾಗಿಗೆ ಹಾಕಿ ಉಳಿದ ಗಟ್ಟಿ ಪಟ್ಟಿಯ ತುಂಡುಗಳನ್ನೆಲ್ಲ ಜೋಡಿಸಿ ಮಾಸ್ಟರು ತಾವೇ ಹೊಲಿದದ್ದು. ಎಲ್ಲರ ಮನೆಯ ನಾಯಿಪಟ್ಟಿ ಒಂದು ಆಳಿನಷ್ಟಿದ್ದರೆ ಇದು ಬಟ್ಟೆ ಒಣಹಾಕುವ ಹಗ್ಗದಷ್ಟು ಉದ್ದ. ಬೇಡದ ಭಾಗ ಸುರುಳಿಯಾಗಿ ಮಾಸ್ಟರ ಮೊಣಕೈಗೆ ಸುತ್ತಿಕೊಂಡಿತ್ತು. ಇಷ್ಟುದ್ದ ಯಾಕೆ ಎಂದು ಕೇಳಿದ್ದಕ್ಕೆ, ನಾಯಿಗೂ ಸ್ವಾತಂತ್ರ್ಯ ಬೇಕಲ್ಲ ಎಂದರು.

ಸ್ವಾತಂತ್ರ್ಯ ಎಂದರೆ ಏನೆಂದು ಮೊದಲ ತಿರುವಿನಲ್ಲೇ ಗೊತ್ತಾಯಿತು. ದೊರೆ ವಿದ್ಯುತ್ ಕಂಬ ಮೂಸಲು ಓಡಿತು. ಮಾಸ್ಟರು ನಿಂತ ಕಡೆ ನಿಂತು ಪಟ್ಟಿ ಸಡಿಲ ಬಿಟ್ಟರು. ದೊರೆ ಎದುರು ಗೇಟಿಗೆ ಹೋಯಿತು, ಚರಂಡಿಯ ಅಂಚಿಗೆ ಹೋಯಿತು, ನಿಂತಿದ್ದ ಕಾರಿನ ನಾಲ್ಕೂ ಚಕ್ರದ ಯೋಗಕ್ಷೇಮ ವಿಚಾರಿಸಿತು. ಮಾಸ್ಟರು ಮಾತ್ರ ನೆಟ್ಟ ಕಂಬ. ಅಷ್ಟು ಹೊತ್ತೂ ಹಳೆಯ ಹಾಡೊಂದನ್ನು ಪಲ್ಲವಿ, ಚರಣ ಬಿಡದೆ ಹಾಡುತ್ತಿದ್ದರು. ನಡಿಗೆಯ ಜೊತೆ ಹಾಡಿದರೆ ಶ್ವಾಸಕೋಶಕ್ಕೆ ಒಳ್ಳೆಯದಂತೆ.

ಬೇಕರಿಯ ಮುಂದೆ ಇಬ್ಬರೂ ತಾವಾಗಿಯೇ ನಿಂತರು, ನಾಯಿಯೂ ಮಾಸ್ಟರೂ. ಬೇಕರಿಯವನು ಕೇಳದೆಯೇ ಎರಡು ಬನ್ನು ಮುಂದೆ ಚಾಚಿದ. ಗುಂಡಿಯಕ್ಕನನ್ನು ಕಂಡು ಕೈ ಹಿಂದೆ ಎಳೆದುಕೊಂಡ.

"ಕೊಡಿ, ಕೊಡಿ," ಎಂದಳು ಗುಂಡಿಯಕ್ಕ. "ಒಂದು ನಾಯಿಗೆ. ಇನ್ನೊಂದು ಯಾರಿಗೆ ಅಂತ ನಾನೂ ನೋಡ್ತೀನಿ."

"ಅದೂ ನಾಯಿಗೇ ಅಕ್ಕಾ," ಎಂದ ಬೇಕರಿಯವನು. ಅವನ ಕಣ್ಣು ಮಾತ್ರ ಮಾಸ್ಟರ ಕಡೆ ಹೊರಳಿತ್ತು.

ಅಲ್ಲಿಂದ ಸ್ವಲ್ಪ ಮುಂದೆ, ಗಡಿಯಾರ ರಿಪೇರಿ ಅಂಗಡಿಯ ಎದುರು ಒಂದು ಕಲ್ಲುಬೆಂಚು. ಮಾಸ್ಟರು ಪಟ್ಟಿಯ ತುದಿಯನ್ನು ಬೆಂಚಿನ ಕಾಲಿಗೆ ಗಂಟು ಹಾಕಿ ಕೂತರು. ದೊರೆ ಬೆಂಚಿನ ಸುತ್ತ ಒಂದೆರಡು ಸುತ್ತು ಬಂದು ಮಲಗಿತು. ಗಡಿಯಾರದವನು ಹೊರಗೆ ಬಂದು ಮಾತು ಶುರು ಮಾಡಿದ. ಬೀದಿಯ ನಲ್ಲಿಯಿಂದ ಹಿಡಿದು ದೇಶದ ಆಡಳಿತದವರೆಗೆ ಇಬ್ಬರೂ ಒಂದೊಂದಾಗಿ ಎಲ್ಲವನ್ನೂ ಇತ್ಯರ್ಥ ಮಾಡಿದರು. ಗುಂಡಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಮನೆ ಇಲ್ಲಿಂದಲೇ ಕಾಣುತ್ತಿತ್ತು. ಮಹಡಿಯ ಮೇಲೆ ಒಣಹಾಕಿದ ಅತ್ತೆಯ ಸೀರೆ ಕೂಡ ಕಾಣುತ್ತಿತ್ತು.

"ಇದಾ ರೀ ಒಂದು ಗಂಟೆ?"

"ಹೊರಟಾಗಿಂದ ವಾಪಸ್ ಹೋಗೋವರೆಗೆ ಲೆಕ್ಕ ಹಾಕು. ಒಂದು ಗಂಟೆ ಆಗುತ್ತೋ ಇಲ್ವೋ?"

ಗುಂಡಿಯಕ್ಕ ಬೀದಿಯಲ್ಲಿ ಬಾಯಿ ಮಾಡಬಾರದೆಂದು ತುಟಿ ಬಿಗಿದುಕೊಂಡು ಮನೆಗೆ ಬಂದಳು.

ಅಂದೇ ಇನ್ನೊಂದು ಗುಟ್ಟೂ ಬಯಲಾಯಿತು. ಕಂದು ಪ್ಯಾಂಟಿನ ಕೊಕ್ಕೆ ಕಿತ್ತುಬಂದಿದೆ, ಹಾಕಿಕೊಡು ಎಂದು ಮಾಸ್ಟರು ಹೇಳಿದ್ದರು. ಗುಂಡಿಯಕ್ಕ ಪ್ಯಾಂಟನ್ನು ತಿರುವಿ ಹಾಕಿದಳು. ಟೈಲರುಗಳು ಪ್ಯಾಂಟಿನ ಹಿಂಭಾಗದ ಹೊಲಿಗೆಯ ಒಳಗೆ ಸ್ವಲ್ಪ ಹೆಚ್ಚಿನ ಬಟ್ಟೆ ಬಿಟ್ಟಿರುತ್ತಾರೆ. ಗಿರಾಕಿ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲು ಬೇಕಲ್ಲ, ಅದಕ್ಕೆ. ಈ ಪ್ಯಾಂಟಿನಲ್ಲಿ ಆ ಹೆಚ್ಚಿನ ಬಟ್ಟೆಯೇ ಇರಲಿಲ್ಲ. ಬಿಚ್ಚಿದ ಹಳೆಯ ಹೊಲಿಗೆಯ ತೂತುಗಳು ಸಾಲುಸಾಲಾಗಿ ಕಾಣುತ್ತಿದ್ದವು. ಬೂದು ಪ್ಯಾಂಟು ತೆಗೆದು ನೋಡಿದಳು, ಅದೂ ಹಾಗೇ. ಕಪ್ಪು ಪ್ಯಾಂಟಿಗೆ ಬೇರೆ ಬಟ್ಟೆಯ ತುಂಡನ್ನೇ ಸೇರಿಸಿದ್ದರು, ಮೇಲಿನಿಂದ ಗೊತ್ತಾಗದ ಹಾಗೆ, ಬಹಳ ನಾಜೂಕಾಗಿ.

ಬೇರೆಯವರಿಗಾದರೆ ಪ್ಯಾಂಟು ಬಿಗಿಯಾದಾಗ ಎಚ್ಚರಿಕೆ ಸಿಗುತ್ತದೆ. ಈ ಮನುಷ್ಯನಿಗೆ ಪ್ಯಾಂಟು ಬಿಗಿಯಾಗುವುದೇ ಇಲ್ಲ. ಹೊಟ್ಟೆ ಬಂದಂತೆಲ್ಲ ಬಿಚ್ಚಿ ಹೊಲಿದುಕೊಳ್ಳುತ್ತಾರೆ, ಆಮೇಲೆ ನಾನು ಇದ್ದ ಹಾಗೇ ಇದ್ದೇನೆ ಎನ್ನುತ್ತಾರೆ. ಗುಂಡಿಯಕ್ಕ ಮೂರೂ ಪ್ಯಾಂಟನ್ನು ತಂದು ಮಾಸ್ಟರ ಕತ್ತರಿ ಮೇಜಿನ ಮೇಲೆ ಹರಡಿದಳು.

"ಬಟ್ಟೆ ಕುಗ್ಗಿತ್ತು," ಎಂದರು ಮಾಸ್ಟರು.

"ಮೂರೂ ಕುಗ್ಗಿದವಾ?"

"ನೀನು ಒಗೆಯೋ ರೀತಿಗೆ ಕುಗ್ಗದೆ ಇರುತ್ತಾ?"

ಆಕೆ ತಲೆ ಚಚ್ಚಿಕೊಂಡಳು. ಇನ್ನು ಈ ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ, ಹೊರಗಿನವರು ಯಾರಾದರೂ ಹೇಳಬೇಕು ಎಂದುಕೊಂಡಳು.

ಅಷ್ಟರಲ್ಲೇ ಬಂದವರು ನರ್ಸಮ್ಮ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಹಳ ವರ್ಷದಿಂದ ಇದ್ದವರು. ಹೊಲಿಯಲು ಕೊಟ್ಟಿದ್ದ ಸಮವಸ್ತ್ರ ತೆಗೆದುಕೊಂಡು ಹೋಗಲು ಬಂದಿದ್ದರು. ಮಾಸ್ಟರು ಮಿಷನ್ ಮುಂದೆ ಕೂತು ಕೊನೆಯ ಹೊಲಿಗೆ ಹಾಕುತ್ತಿದ್ದರು. ಪೆಡಲ್ ಮುಟ್ಟಿದ್ದೇ ತಡ, ಮೋಟಾರು ಭರ್ರೆಂದು ಓಡಿ ಹೊಲಿಗೆ ಅಡ್ಡಾದಿಡ್ಡಿಯಾಯಿತು.

"ಈ ಮೋಟಾರಿಗೆ ಏನು ಬಂದಿದೆಯೋ," ಎಂದು ಗೊಣಗಿದರು ಮಾಸ್ಟರು. "ಒಂದು ತಿಂಗಳಿಂದ ಹೀಗೇ, ಮೆಲ್ಲಗೆ ಒತ್ತಿದ್ರೂ ಹುಚ್ಚೆದ್ದು ಓಡುತ್ತೆ. ರಿಪೇರಿಯವನು ಬಂದು ನೋಡಿ ಏನೂ ಆಗಿಲ್ಲ ಅಂತಾನೆ. ಕಳ್ಳ."

"ಕೂತ್ಕೊಳ್ಳಿ ನರ್ಸಮ್ಮ," ಎಂದು ಗುಂಡಿಯಕ್ಕ ಸ್ಟೂಲು ಎಳೆದಳು. "ನೀವೇ ಒಂದು ನ್ಯಾಯ ಹೇಳಿ. ಬೆಳಗ್ಗೆ ಎದ್ದು ನಾಯಿ ಸುತ್ತಾಡಿಸಿದ್ರೆ ಅದು ವ್ಯಾಯಾಮ ಆಗುತ್ತಾ? ಇವರಿಗೆ ಸ್ವಲ್ಪ ಬುದ್ಧಿ ಹೇಳಿ."

"ಆಗುತ್ತೆ," ಎಂದರು ನರ್ಸಮ್ಮ.

ಮಾಸ್ಟರ ಮುಖ ಅರಳಿತು. ಅತ್ತೆ ಪರದೆ ಸರಿಸಿ ಈಚೆ ಬಂದರು. ಗುಂಡಿಯಕ್ಕನಿಗೆ ಕಾಲ ಕೆಳಗಿನ ನೆಲವೇ ಜಾರಿದಂತಾಯಿತು. ಸಾಕ್ಷಿಗೆ ಕರೆದವರೇ ಕೈಕೊಟ್ಟಿದ್ದರು.

"ಕೇಳಿಸ್ಕೊಂಡ್ಯಾ?" ಎಂದರು ಮಾಸ್ಟರು.

"ಪೂರ್ತಿ ಕೇಳಿ ಮಾಸ್ಟ್ರೇ," ಎಂದರು ನರ್ಸಮ್ಮ. "ನಡಿಗೆ ಅಂದ್ರೆ ನಡಿಗೆ. ಜೊತೆಗೆ ನಾಯಿ ಇದ್ರೂ ಸರಿ, ನೆಂಟರಿದ್ರೂ ಸರಿ, ಯಾರೂ ಇಲ್ದಿದ್ರೂ ಸರಿ. ದೇಹಕ್ಕೆ ಅದೆಲ್ಲ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಎದೆಬಡಿತ ಜೋರಾಯ್ತಾ, ಉಸಿರು ಏರ್ತಾ, ಇಷ್ಟೇ. ನಡೆಯುವಾಗ ನಿಮಗೆ ಮಾತಾಡಕ್ಕೆ ಆಗುತ್ತಾ?"

"ಧಾರಾಳವಾಗಿ."

"ಒಳ್ಳೇದು. ಹಾಡಕ್ಕೆ?"

"ಅಯ್ಯೋ, ಹಾಡೋದೇ ನಮ್ಮ ವಿಶೇಷ. ಮನೆ ಬಿಟ್ಟಾಗ ಶುರು ಮಾಡಿದ್ರೆ ಬೆಂಚು ಬರೋವರೆಗೆ ಹಾಡ್ತೀನಿ."

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ."

ನರ್ಸಮ್ಮ ಸಮಾಧಾನವಾಗಿ ಮುಂದುವರಿಸಿದರು.

"ಚುರುಕಾಗಿ ನಡೀತಿದ್ರೆ ಪಕ್ಕದವರ ಜೊತೆ ಮಾತಾಡಬಹುದು, ಆದ್ರೆ ಹಾಡಕ್ಕೆ ಹೋದ್ರೆ ಉಸಿರು ಸಾಲಬಾರದು. ಅದೇ ಅಳತೆ. ಯಂತ್ರ ಬೇಡ, ಏನೂ ಬೇಡ. ಹಾಗೆ ಅರ್ಧ ಗಂಟೆ, ವಾರದಲ್ಲಿ ಹೆಚ್ಚಿನ ದಿನ. ಒಟ್ಟಿಗೆ ಆಗದಿದ್ರೆ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ನಾಯಿ ಮೂಸ್ತಾ ನಿಲ್ಲುತ್ತಲ್ಲ, ಅದು ನಾಯಿಯ ಹೊತ್ತು. ಅದಕ್ಕೂ ಬೇಕು, ಬೇಡ ಅನ್ನಲ್ಲ. ಮೊದಲು ಅದರ ಕೆಲಸ ಮುಗಿಸಿಕೊಡಿ, ಆಮೇಲೆ ನಿಮ್ಮ ಹೊತ್ತು ಶುರು. ನಿಮ್ಮ ಹೊತ್ತಲ್ಲಿ ನಿಲ್ಲೋ ಹಾಗಿಲ್ಲ."

"ಕೇಳಿಸ್ಕೊಂಡ್ರಾ?" ಈಗ ಗುಂಡಿಯಕ್ಕನ ಸರದಿ.

"ನೀವೇನು ನಡೀತೀರಾ ಅಕ್ಕಾ?" ಎಂದು ನರ್ಸಮ್ಮ ಆಕೆಯ ಕಡೆ ತಿರುಗಿದರು.

"ನಾನಾ? ನನಗೆ ಕೂರೋಕೆ ಪುರುಸೊತ್ತಿಲ್ಲ. ಮನೆಕೆಲಸ ಎಲ್ಲಾ ಯಾರು ಮಾಡ್ತಾರೆ?"

"ಆಮೇಲೆ ಕೂತು ಗುಂಡಿ ಹಾಕೋದು ಯಾರು, ಸಂಜೆವರೆಗೂ?"

ಗುಂಡಿಯಕ್ಕ ಸೆರಗು ಸರಿಮಾಡಿಕೊಂಡಳು. ಮಾಸ್ಟರು ಕೆಮ್ಮಿದರು, ನಗು ಮುಚ್ಚಿಕೊಳ್ಳಲು.

ನರ್ಸಮ್ಮ ಸಮವಸ್ತ್ರ ಮಡಿಸಿ ಚೀಲಕ್ಕೆ ಹಾಕಲು ಬಗ್ಗಿದವರು ನೆಲ ನೋಡುತ್ತಾ ಹಾಗೇ ನಿಂತರು. ಕತ್ತರಿ ಮೇಜಿನಿಂದ ಮಿಷನ್‌ವರೆಗೆ ಕೆಂಪನೆಯ ಸಣ್ಣ ಸಣ್ಣ ಗುರುತುಗಳಿದ್ದವು. ಬೀದಿ ಸುತ್ತಿ ಬಂದ ಮೇಲೆ ಗುಂಡಿಯಕ್ಕನೂ ಅವನ್ನು ಕಂಡಿದ್ದಳು. ಬಟ್ಟೆಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣ ತುಳಿದು ಓಡಾಡಿದ್ದಾರೆ, ಒರೆಸುವವಳು ನಾನಲ್ಲವೇ ಎಂದು ಬೈದುಕೊಂಡು ಸುಮ್ಮನಾಗಿದ್ದಳು.

"ಮಾಸ್ಟ್ರೇ, ಕಾಲೆತ್ತಿ."

"ಯಾಕೆ?"

"ಎತ್ತಿ ಅಂದೆ."

ಬರಿಗಾಲಿನಲ್ಲಿಯೇ ಪೆಡಲ್ ಒತ್ತುವುದು ಮಾಸ್ಟರ ಹಳೆಯ ರೂಢಿ. ಬಲಗಾಲನ್ನು ಎತ್ತಿ ಎಡ ಮಂಡಿಯ ಮೇಲಿಟ್ಟರು. ಪಾದದ ನಡುವೆ ಒಂದು ಗುಂಡುಸೂಜಿ ತಲೆಯವರೆಗೂ ಇಳಿದುಹೋಗಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. ಬೆಳಗಿನಿಂದ ಅದರ ಮೇಲೇ ನಿಂತು ಬಟ್ಟೆ ಕತ್ತರಿಸಿದ್ದರು, ಅದೇ ಕಾಲಿನಿಂದ ಮಿಷನ್ ಓಡಿಸಿದ್ದರು.

ಅತ್ತೆ ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೋವು?" ಎಂದರು ನರ್ಸಮ್ಮ.

ಮಾಸ್ಟರು ಸೂಜಿಯನ್ನು ನೋಡಿದರು, ನರ್ಸಮ್ಮನನ್ನು ನೋಡಿದರು. "ಇಲ್ಲ," ಎಂದರು. ಗುಂಡಿಯಕ್ಕ ಇಷ್ಟು ವರ್ಷದಲ್ಲಿ ಗಂಡ ಹೆದರಿದ್ದು ನೋಡಿದ್ದು ಅದೇ ಮೊದಲು. ಬೆಳಗಿನಿಂದ ತುಂಬಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಇಳಿದು, ಆ ಜಾಗದಲ್ಲಿ ಭಯ ಕೂತಿತು.

"ಸೂಜಿಗೆ ಕೈ ಹಚ್ಚಬೇಡಿ, ಕಾಲು ಊರಬೇಡಿ. ಆಟೋ ಕರೀರಿ, ಈಗಲೇ ಹೋಗೋಣ," ಎಂದರು ನರ್ಸಮ್ಮ.

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಸೂಜಿ ತೆಗೆದು, ಗಾಯ ತೊಳೆದು, ಚುಚ್ಚುಮದ್ದು ಕೊಟ್ಟರು. ಆಮೇಲೆ ಮಾಸ್ಟರಿಗೆ ಕಣ್ಣು ಮುಚ್ಚಲು ಹೇಳಿ ಪಾದದ ಅಲ್ಲಲ್ಲಿ ಮೆಲ್ಲಗೆ ಮುಟ್ಟುತ್ತಾ, ಇಲ್ಲಿ ಗೊತ್ತಾಗುತ್ತಾ, ಇಲ್ಲಿ ಗೊತ್ತಾಗುತ್ತಾ ಎಂದು ಕೇಳಿದರು. ಹೆಬ್ಬೆರಳಿಗೆ ಗೊತ್ತಾಗಲಿಲ್ಲ. ಅಂಗಾಲಿಗೆ ಗೊತ್ತಾಗಲಿಲ್ಲ. ಹಿಮ್ಮಡಿಗೆ ಸ್ವಲ್ಪ ಗೊತ್ತಾಯಿತು. ಗುಂಡಿಯಕ್ಕ ಪಕ್ಕದಲ್ಲಿ ನಿಂತು, ಡಾಕ್ಟರು ಮುಟ್ಟುವುದನ್ನೂ ಗಂಡ ಸುಮ್ಮನಿರುವುದನ್ನೂ ನೋಡುತ್ತಾ ಬೆರಳು ಹಿಸುಕಿಕೊಂಡಳು.

"ಸಕ್ಕರೆ ಬಹಳ ದಿನ ಏರಿಕೊಂಡೇ ಇದ್ರೆ ನರಗಳು ಕೆಡ್ತವೆ," ಎಂದರು ಡಾಕ್ಟರು. "ಕಾಲಿಗೆ ಗಾಯ ಆದ್ರೂ ತಿಳಿಯಲ್ಲ. ತಿಳಿಯದೆ ಬಿಟ್ಟ ಗಾಯ ಕೊಳೆತು ಕಾಲೇ ತೆಗೀಬೇಕಾದವರನ್ನ ನಾನು ನೋಡಿದೀನಿ. ನೀವು ಬೇಗ ಬಂದಿದ್ದೀರಿ, ಇದು ವಾಸಿ ಆಗುತ್ತೆ. ಆದ್ರೆ ಹೋದ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಉಳಿದದ್ದನ್ನ ಉಳಿಸ್ಕೊಳ್ಳಿ."

ಮನೆಗೆ ಬಂದ ಮೇಲೆ ಮಾಸ್ಟರು ಗಾಯಕ್ಕೆ ಬಟ್ಟೆ ಕಟ್ಟಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಮಿಷನ್ ಕಡೆ ನೋಡಿದರು.

"ಮೋಟಾರು ಸರಿಯಾಗೇ ಇತ್ತು ಕಣೇ," ಎಂದರು. "ನಾನು ಮೆಲ್ಲಗೆ ಒತ್ತಿದೀನಿ ಅಂದ್ಕೊಂಡಿದ್ದೆ. ಎಷ್ಟು ಒತ್ತಿದೀನಿ ಅಂತ ಕಾಲಿಗೇ ಗೊತ್ತಾಗ್ತಿರಲಿಲ್ಲ. ಕಾಲಿಲ್ಲದ ಟೈಲರ್ ಹತ್ರ ಯಾರು ಬಟ್ಟೆ ಕೊಡ್ತಾರೆ?"

ಗುಂಡಿಯಕ್ಕನಿಗೆ ಎಷ್ಟೊಂದು ಹೇಳುವುದಿತ್ತು. ತಿಂಗಳುಗಟ್ಟಲೆ ಹೇಳಿದ್ದೆನಲ್ಲ, ಬಾಯಿ ನೋಯುವಷ್ಟು ಹೇಳಿದ್ದೆನಲ್ಲ ಎನ್ನುವುದಿತ್ತು. ಅದೆಲ್ಲ ಅಳುವಾಗಿ ಹೊರಬಿತ್ತು. ಅತ್ತೆ ಹತ್ತಿರ ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬವನ್ನು ಎತ್ತಿ, ತಮ್ಮ ಟ್ರಂಕಿನೊಳಗಿಟ್ಟು ಬೀಗ ಹಾಕಿದರು. ಮಾತ್ರೆ ನಿಲ್ಲಿಸುವ ಸುದ್ದಿಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಗಾಯ ಮಾಯುವವರೆಗೂ ನಡೆಯಬಾರದು ಎಂದಿದ್ದರು ಡಾಕ್ಟರು. ಮಾಯಿತು, ಇನ್ನು ನಡೆಯಬಹುದು ಎಂದ ದಿನ ಬೀರುವಿನ ಮೇಲಿಂದ ಡಬ್ಬ ಇಳಿಯಿತು. ನರ್ಸಮ್ಮ ಬೂಟಿನ ಒಳಗೆ ಕೈ ಹಾಕಿ ಕಲ್ಲು, ಮೊಳೆ, ಏನೂ ಚುಚ್ಚುವುದಿಲ್ಲವೆಂದು ನೋಡಿ, ಹಾಕುವ ಮುಂಚೆ ದಿನವೂ ಹೀಗೆ ನೋಡಬೇಕು, ಸಾಕ್ಸು ಬಿಡಬಾರದು ಎಂದು ಹೇಳಿಕೊಟ್ಟರು. ಮಾಸ್ಟರು ಉದ್ದ ಪಟ್ಟಿಯನ್ನು ಕತ್ತರಿಸಿ, ಕೈಗೂ ನಾಯಿಗೂ ನಡುವೆ ಸಾಕಾಗುವಷ್ಟೇ ಉಳಿಸಿ, ತುದಿ ಹೊಲಿದರು. ಪೆಡಲ್ ಒತ್ತುವಾಗ ಕಾಲನ್ನು ಕಣ್ಣಿನಿಂದ ನೋಡುತ್ತಾ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಮಿಷನ್ ಮುಂದೆ ಬರಿಗಾಲಿನಲ್ಲಿ ಕೂರುವುದನ್ನು ಬಿಟ್ಟಿದ್ದರು.

ಮೊದಲ ದಿನ ಗುಂಡಿಯಕ್ಕನೂ ಜೊತೆಗೆ ಹೊರಟಳು. ದೊರೆಗೆ ಮೂಸುವ ಹೊತ್ತು ಕೊಟ್ಟು, ಎಲ್ಲ ಕಂಬಗಳ ವಿಚಾರಣೆ ಮುಗಿದ ಮೇಲೆ, ಮೂವರೂ ಕೆರೆಯ ದಂಡೆಯ ದಾರಿ ಹಿಡಿದರು. ಪಟ್ಟಿ ಗಿಡ್ಡವಾದ್ದರಿಂದ ದೊರೆ ನಡೆದರೆ ಮಾಸ್ಟರೂ ನಡೆಯಲೇಬೇಕು. ಅದು ಹುಮ್ಮಸ್ಸಿನಲ್ಲಿ ಮುಂದೆ ಮುಂದೆ ಎಳೆಯಿತು. ಸ್ವಲ್ಪ ಹೊತ್ತಿಗೆ ಮಾಸ್ಟರ ಅಂಗಿ ಬೆನ್ನಿಗಂಟಿತು. ಅದನ್ನು ನೋಡಿ ಒಂದು ಮಾತು ಚುಚ್ಚೋಣವೆಂದು ಗುಂಡಿಯಕ್ಕ ಬಾಯಿ ತೆರೆದರೆ ಆಕೆಗೇ ಉಸಿರು ಸಿಗಲಿಲ್ಲ.

"ಏನೋ ಹೇಳಕ್ಕೆ ಬಂದೆ," ಎಂದರು ಮಾಸ್ಟರು ಏದುತ್ತಾ.

"ಏನಿಲ್ಲ. ನಡೀರಿ."

"ನಿಧಾನಕ್ಕೆ ಹೋಗೋಣ್ವಾ?"

"ಇವತ್ತು ಸ್ವಲ್ಪ ನಿಧಾನ. ನಾಳೆ ಇನ್ನೊಂದು ಚೂರು ಜೋರು. ನರ್ಸಮ್ಮ ಹಾಗೇ ಹೇಳಿದಾರೆ."

ಎರಡನೆಯ ವಾರ ಮಾಸ್ಟರಿಗೆ ಸೋಮಾರಿತನ ಮರುಕಳಿಸಿತು. ಗುಂಡಿಯಕ್ಕನನ್ನೂ ಎಳೆದುಕೊಂಡು ಅರ್ಧ ದಾರಿಯಿಂದ ಹಿಂದಿರುಗಿದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು.

"ಇಷ್ಟು ಬೇಗ ಯಾಕೆ ಬಂದ್ರಿ?"

"ಅಮ್ಮಾ, ಬಾಗಿಲು ತೆಗೀ. ಕಾಲು ನೋಯ್ತಿದೆ."

"ನೋಯ್ತಿದ್ಯಾ?" ಅತ್ತೆಯ ಧ್ವನಿ ತಟ್ಟನೆ ಮೆತ್ತಗಾಯಿತು. "ಎಲ್ಲಿ ಮಗಾ? ಅಂಗಾಲಾ? ಗೊತ್ತಾಗ್ತಿದ್ಯಾ?"

ಮಾಸ್ಟರು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ, ಸಾಕ್ಸು ತೆಗೆದು, ಅಂಗಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಗುಂಡಿಯಕ್ಕ ಬಗ್ಗಿ ನೋಡಿದಳು. ಗಾಯವಿರಲಿಲ್ಲ.

"ಇಲ್ಲ," ಎಂದರು ಮಾಸ್ಟರು ತಗ್ಗಿದ ದನಿಯಲ್ಲಿ. "ಅಂಗಾಲು ಅಲ್ಲ. ಮೀನಖಂಡ. ಸುಮ್ನೆ ಹೇಳಿದೆ."

ಅತ್ತೆ ಕಿಟಕಿ ಮುಚ್ಚಿದರು. ಮಾಸ್ಟರು ಸಾಕ್ಸು ಹಾಕಿ, ಬೂಟಿನೊಳಗೆ ಕೈಯಾಡಿಸಿ ನೋಡಿ, ಕಾಲಿಗೆ ಸೇರಿಸಿದರು. ದೊರೆ ಆಗಲೇ ರಸ್ತೆಗಿಳಿದಿತ್ತು. ಉಳಿದ ದಾರಿಯನ್ನು ಇಬ್ಬರೂ ಮುಗಿಸಿದರು.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಬಹಳವೇನಲ್ಲ, ಆದರೆ ಮೊದಲ ಬಾರಿಗೆ ಇಳಿದಿತ್ತು. ಮಾತ್ರೆ, ಊಟ, ನಡಿಗೆ, ಮೂರೂ ಸೇರಿದ್ದಕ್ಕೆ ಇಳಿದಿದೆ, ಒಂದನ್ನು ಬಿಟ್ಟರೂ ಮತ್ತೆ ಏರುತ್ತದೆ ಎಂದರು ಡಾಕ್ಟರು. ಅಂಗಾಲಿನ ಸ್ಪರ್ಶ ಮಾತ್ರ ಬಂದಿಲ್ಲ. ಈಗಲೂ ದಿನವೂ ಸಂಜೆ ಗುಂಡಿಯಕ್ಕ ದೀಪದ ಹತ್ತಿರ ಕೂತು ಗಂಡನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಸಂದಿ ಬಿಡಿಸಿ ನೋಡುತ್ತಾಳೆ. ಅವರ ಕಾಲಿಗೆ ತಿಳಿಯದ್ದನ್ನು ಆಕೆಯ ಕಣ್ಣು ತಿಳಿದುಕೊಳ್ಳಬೇಕು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ನಾಯಿ ಇರಬಹುದು. ಅದರ ಜೊತೆ ನಡೆಯುವುದು ಖಂಡಿತ ವ್ಯಾಯಾಮವೇ, ನೀವು ನಡೆದರೆ. ನಾಯಿಗೆ ಮೂಸಲು ಬಿಡಿ, ಆಮೇಲೆ ನಿಲ್ಲದೆ ನಡೆಯಿರಿ. ಮಾತಾಡಲು ಬರಬೇಕು, ಹಾಡಲು ಬರಬಾರದು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಇದ್ದವರು, ಬಹಳ ದಿನ ನಡೆಯದೇ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರಿಗಾಲಿನಲ್ಲಿ ಓಡಾಡಬೇಡಿ, ದಿನಕ್ಕೊಮ್ಮೆ ಪಾದ ತಿರುಗಿಸಿ ನೋಡಿಕೊಳ್ಳಿ. ಸಣ್ಣ ಗಾಯವಾದರೂ, ಜೋಮು ಹಿಡಿದಂತಾದರೂ ಅಂದೇ ತೋರಿಸಿ. ನಾಳೆ ನೋಡೋಣ ಎನ್ನಬೇಡಿ. ನಿಮಗೆ ಹೇಳಿ ಹೇಳಿ ಸುಸ್ತಾದವರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ. ಓದಿದ್ದು ಸಾಕು, ಅವರನ್ನೂ ಕರೆದುಕೊಂಡು ಏಳಿ.